ಅರೆಮಂಡಿಯ ಅಳತೆ: ಭರತನಾಟ್ಯದ ಉಡುಪು ಹೊಲಿಯುವ ಒಂದು ಮನೆಯಂಗಡಿಯ ವಿಮರ್ಶೆ

ಬೆಂಗಳೂರು ದಕ್ಷಿಣದ ಹಳೆಯ ಬಡಾವಣೆಯೊಂದರಲ್ಲಿ, ಗಾಂಧಿ ಬಜಾರಿಗೆ ಹೆಚ್ಚು ದೂರವಲ್ಲದ ಅಡ್ಡರಸ್ತೆಯ ಮನೆಯ ಮೊದಲ ಮಹಡಿಯಲ್ಲಿ, ಭರತನಾಟ್ಯದ ಉಡುಪುಗಳನ್ನು ಹೊಲಿದುಕೊಡುವ ಸಣ್ಣ ಅಂಗಡಿಯೊಂದಿದೆ. ಅಂಗಡಿ ಎಂದು ಕರೆಯುತ್ತೇವಾದರೂ ಅಲ್ಲಿ ನಾಮಫಲಕವಿಲ್ಲ, ಗಾಜಿನ ಕಪಾಟಿಲ್ಲ, ಗೊಂಬೆಗೆ ತೊಡಿಸಿಟ್ಟ ಮಾದರಿಗಳೂ ಇಲ್ಲ. ಕತ್ತರಿಸಲು ಒಂದು ಉದ್ದನೆಯ ಮೇಜು, ಒಂದು ಜೂಕಿ ಯಂತ್ರ, ಕಾಲಿನಿಂದ ತುಳಿಯುವ ಹಳೆಯ ಉಷಾ ಯಂತ್ರ ಮತ್ತು ಗೋಡೆಗೆ ಒರಗಿಸಿದ ಆಳೆತ್ತರದ ಕನ್ನಡಿ, ಇಷ್ಟೇ ಅಲ್ಲಿನ ಬಂಡವಾಳ. ಐವತ್ತು ದಾಟಿದ ಮಹಿಳೆಯೊಬ್ಬರು ಇಬ್ಬರು ಸಹಾಯಕಿಯರೊಂದಿಗೆ ಇದನ್ನು ನಡೆಸುತ್ತಾರೆ. ಅವರನ್ನು ಎಲ್ಲರೂ ‘ಅಕ್ಕ’ ಎಂದೇ ಕರೆಯುವುದರಿಂದ ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಹೆಸರು, ದೂರವಾಣಿ ಸಂಖ್ಯೆಗಳನ್ನು ಪ್ರಕಟಿಸಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ, ಏಕೆಂದರೆ ಒಪ್ಪಿಕೊಂಡ ಕೆಲಸವೇ ಕೈತುಂಬ ಇದೆ. ಆ ಭಾಗದ ನೃತ್ಯಗುರುಗಳನ್ನು ವಿಚಾರಿಸಿದರೆ ದಾರಿ ತಿಳಿಯುತ್ತದೆ. ನನ್ನ ಮಗಳ ರಂಗಪ್ರವೇಶದ ಮೂರೂ ಉಡುಪುಗಳನ್ನು ಅಲ್ಲಿ ಹೊಲಿಸಿದ್ದೇವೆ. ಅದಕ್ಕೂ ಮೊದಲು ಗೆಜ್ಜೆಪೂಜೆಗೆ, ಶಾಲೆಯ ಕಾರ್ಯಕ್ರಮಗಳಿಗೆ ಅಲ್ಲಿಂದಲೇ ಬಾಡಿಗೆಗೆ ತಂದದ್ದೂ ಉಂಟು.

ಇಂದು ನಾವು ನೋಡುವ ಹೊಲಿದ ಉಡುಪಿಗೆ ಜನರು ಭಾವಿಸುವಷ್ಟು ವಯಸ್ಸಾಗಿಲ್ಲ. ನರ್ತಕಿ ರುಕ್ಮಿಣೀದೇವಿ ಅರುಂಡೇಲ್ ಅವರು 1935ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಸಾರ್ವಜನಿಕವಾಗಿ ನರ್ತಿಸಿ, ಮರುವರ್ಷ ಅಲ್ಲಿಯೇ ಕಲಾಕ್ಷೇತ್ರವೆಂಬ ನೃತ್ಯಶಾಲೆಯನ್ನು ಕಟ್ಟಿದ ಕಾಲಕ್ಕೆ, ದೇವಾಲಯದ ಶಿಲ್ಪಗಳನ್ನು ಗಮನದಲ್ಲಿಟ್ಟುಕೊಂಡು ವೇದಿಕೆಯ ಉಡುಪಿಗೆ ಹೊಸ ರೂಪ ಕೊಡುವ ಕೆಲಸ ಆರಂಭವಾಯಿತು. ಅದಕ್ಕೆ ಮೊದಲು ಪೈಜಾಮದ ಮೇಲೆ ಸೀರೆಯನ್ನು ಸುತ್ತಿ ಉಟ್ಟು ನರ್ತಿಸುವುದು ರೂಢಿಯಾಗಿತ್ತು. ನಮ್ಮ ಮೈಸೂರು ಸಂಪ್ರದಾಯದಲ್ಲಂತೂ ಅಭಿನಯಕ್ಕೆ ಸೀರೆಯೇ ಪ್ರಧಾನ. 1992ರಲ್ಲಿ ಪದ್ಮಭೂಷಣ ಪಡೆದ ಆ ಸಂಪ್ರದಾಯದ ನರ್ತಕಿ ಕೆ. ವೆಂಕಟಲಕ್ಷಮ್ಮನವರನ್ನು ನೆನೆದರೆ ಸೀರೆಯುಟ್ಟು ಅಭಿನಯಿಸುವ ರೂಪವೇ ಮೊದಲು ಕಣ್ಣಮುಂದೆ ಬರುತ್ತದೆ. ಅಕ್ಕನಿಗೆ ಈ ಎರಡೂ ದಾರಿಗಳು ಗೊತ್ತಿವೆ. ಮಗಳ ಗುರುಗಳು ಕೊಟ್ಟ ಕಾರ್ಯಕ್ರಮದ ಪಟ್ಟಿಯನ್ನು ಓದಿ, ಆರಂಭದ ಅಲರಿಪುವಿನಿಂದ ಕಾರ್ಯಕ್ರಮದ ಅತಿ ದೀರ್ಘ ನೃತ್ಯವಾದ ವರ್ಣದವರೆಗೆ ಬೀಸಣಿಗೆಯ ಉಡುಪು (ಮುಂದೆ ನೆರಿಗೆಗಳು ಬೀಸಣಿಗೆಯಂತೆ ಅರಳುವಂಥದು), ದೇವರನಾಮ ಮತ್ತು ಜಾವಳಿಗೆ ಸೀರೆ ಶೈಲಿಯದು, ತಿಲ್ಲಾನಕ್ಕೆ ಮತ್ತೆ ಬೀಸಣಿಗೆಯದು ಎಂದು ಅವರೇ ನಿಗದಿ ಮಾಡಿದರು. ಬಟ್ಟೆಯ ಬಣ್ಣದ ಮಾತಿಗಿಂತ ಮೊದಲು ಹಾಡುಗಳ ಪಟ್ಟಿಯನ್ನು ಕೇಳುವ ದರ್ಜಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಳತೆಯ ವಿಷಯಕ್ಕೆ ಬರೋಣ, ಏಕೆಂದರೆ ಈ ಅಂಗಡಿಯನ್ನು ಹೊಗಳಲು ನನಗಿರುವ ಮುಖ್ಯ ಕಾರಣವೇ ಅದು. ಸಿದ್ಧ ಉಡುಪುಗಳನ್ನು ನಿಂತ ಮೈಯ ಅಳತೆಗೆ ಹೊಲಿದಿರುತ್ತಾರೆ. ಫೋಟೊದಲ್ಲಿ ಅವು ಅಂದವಾಗಿಯೇ ಕಾಣುತ್ತವೆ. ಆದರೆ ಭರತನಾಟ್ಯದಲ್ಲಿ ನರ್ತಕಿ ಹೆಚ್ಚಿನ ಹೊತ್ತು ನೇರವಾಗಿ ನಿಂತಿರುವುದಿಲ್ಲ. ಅರೆಮಂಡಿಯಲ್ಲಿ ಮಂಡಿಗಳು ಪಕ್ಕಕ್ಕೆ ತೆರೆದುಕೊಳ್ಳುತ್ತವೆ, ಸೊಂಟ ಕೆಳಗಿಳಿಯುತ್ತದೆ, ಕಾಲಿನ ಬಟ್ಟೆ ಗೆಜ್ಜೆಯಿಂದ ಮೇಲಕ್ಕೆ ಜಗ್ಗುತ್ತದೆ. ತೋಳುಗಳನ್ನು ಭುಜದ ಮಟ್ಟಕ್ಕೆ ಚಾಚಿದೊಡನೆ ಕುಪ್ಪಸ ನಡುವಿನಿಂದ ಎರಡು ಬೆರಳು ಮೇಲೇರುತ್ತದೆ. ಅಕ್ಕ ಟೇಪು ಹಿಡಿದು ಮೊದಲು ಹೇಳುವುದೇ, “ಮಗು ಅರೆಮಂಡಿ ಕೂತ್ಕೊಳ್ಳಲಿ ಮೇಡಂ, ನಿಂತ ಅಳತೆ ಆಮೇಲೆ ತಗೊಳ್ತೀನಿ.” ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ, ನಡುವಿನಿಂದ ಮಡಿಸಿದ ಮಂಡಿಯ ಮೇಲೆ ಹಾಯ್ದು ಕಾಲಿನ ಹರಡಿಗೆ, ಪೂರ್ತಿ ಕೆಳಗೆ ಕೂರುವ ಪೂರ್ಣಮಂಡಿಯಲ್ಲಿ ಬೆನ್ನಿನ ಕೆಳತುದಿಯಿಂದ ಮುಂದಿನ ಸೊಂಟಪಟ್ಟಿಗೆ ಎಂದು ಅಳೆಯುತ್ತಾ ಹೋಗುತ್ತಾರೆ. ಅವರ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಹುಡುಗಿಗೂ ಒಂದು ಪುಟ, ಪುಟದ ಎಡಕ್ಕೆ ನಿಂತ ಅಳತೆ, ಬಲಕ್ಕೆ ಕೂತ ಅಳತೆ. ಕುಪ್ಪಸದ ಕಂಕುಳಿನಲ್ಲಿ ಕ್ರಾಸ್ ಆಗಿ ಕತ್ತರಿಸಿದ ಸಣ್ಣ ತುಂಡೊಂದನ್ನು ಸೇರಿಸುತ್ತಾರೆ. ಹೊರಗಿನಿಂದ ಅದು ಕಾಣುವುದಿಲ್ಲ, ಆದರೆ ತೋಳು ಎಷ್ಟೇ ಚಾಚಿದರೂ ಕುಪ್ಪಸ ಅಲುಗದೆ ನಿಲ್ಲುವುದು ಅದರಿಂದಲೇ. ಒಳಪದರಕ್ಕೆ ಹತ್ತಿ ಬಟ್ಟೆಯನ್ನೇ ಕೊಡುತ್ತಾರೆ. ಮುಕ್ಕಾಲು ಗಂಟೆಯವರೆಗೂ ಹೋಗಬಹುದಾದ ವರ್ಣದಲ್ಲಿ ಬೆವರು ಹೀರದ ಲೈನಿಂಗ್ ಎಂದರೆ ಶಿಕ್ಷೆಯೇ ಸರಿ.

ಬಟ್ಟೆಯ ಆಯ್ಕೆಯಲ್ಲಿಯೂ ಅವರದು ಇದೇ ಲೆಕ್ಕಾಚಾರ. ಚಿಕ್ಕಪೇಟೆಗೆ ಹೋಗುವ ಮುನ್ನವೇ ನಮಗೆ ಸೂಚನೆ ಸಿಕ್ಕಿತ್ತು: ಕಾಂಚೀಪುರದ ಅತಿ ಭಾರದ ಮದುವೆ ಸೀರೆ ಬೇಡ, ಮಧ್ಯಮ ತೂಕದ್ದು ಸಾಕು, ಧರ್ಮಾವರದ ಅಗಲ ಅಂಚಿನದು ಸಿಕ್ಕರೆ ಇನ್ನೂ ಒಳ್ಳೆಯದು, ಒಡಲು ಮತ್ತು ಅಂಚಿನ ಬಣ್ಣಗಳು ಒಂದಕ್ಕೊಂದು ಎದುರಾಗಿರಲಿ. ಹತ್ತನೆಯ ಸಾಲಿನಲ್ಲಿ ಕೂತವರಿಗೆ ಅಸಲಿ ಜರಿಗೂ ಸಾಧಾರಣ ಜರಿಗೂ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ಅದರ ತೂಕ ನರ್ತಕಿಯ ಸೊಂಟಕ್ಕೆ ತಿಳಿಯುತ್ತದೆ ಎಂಬುದು ಅವರ ವಾದ. ಮೈಸೂರು ರೇಷ್ಮೆಯ ಬಗ್ಗೆ ನನಗೆ ವಿಶೇಷ ಅಭಿಮಾನವಿದ್ದುದರಿಂದ ಅದನ್ನೇ ಬೀಸಣಿಗೆಗೆ ಬಳಸಬಹುದೇ ಎಂದು ಕೇಳಿದ್ದೆ. 1912ರಿಂದ ಮೈಸೂರಿನ ಕಾರ್ಖಾನೆಯಲ್ಲಿ ನೇಯುತ್ತಿರುವ ಆ ಕ್ರೇಪ್ ರೇಷ್ಮೆಯನ್ನು ಅಕ್ಕ ಮೇಜಿನ ಮೇಲೆ ಹರಡಿ, ನೆರಿಗೆ ಹಿಡಿದು, ಕೈಬಿಟ್ಟು ತೋರಿಸಿದರು. ಮೃದುವಾದ ಎಳೆಗಳು ಕ್ಷಣದಲ್ಲಿ ಮಡಿಕೆಯನ್ನು ಮರೆತು ಜಾರಿಹೋದವು. ಅದೇ ಗುಣ ಸೀರೆ ಶೈಲಿಯ ಉಡುಪಿಗೆ ವರವಾಗುತ್ತದೆ ಎಂದು ಆ ಸೀರೆಯನ್ನು ಜಾವಳಿಯ ಉಡುಪಿಗೆ ಎತ್ತಿಟ್ಟರು. ವೇದಿಕೆಯ ಮೇಲೆ ಅದು ಮೈಗೆ ಹೊಂದಿಕೊಂಡು ಇಳಿದ ರೀತಿಯನ್ನು ನೋಡಿದಾಗ ಅವರ ನಿರ್ಧಾರ ಎಷ್ಟು ಸರಿಯೆಂಬುದು ಗೊತ್ತಾಯಿತು.

ಐದೂವರೆ ಮೀಟರ್ ಉದ್ದದ ಸೀರೆಯಲ್ಲಿ ಎಲ್ಲಿ ಕತ್ತರಿ ಹಾಕಬೇಕು ಎಂಬುದೇ ಈ ಕಸುಬಿನ ನಿಜವಾದ ಸೃಜನಶೀಲತೆ ಎಂದು ನನಗೆ ಅನ್ನಿಸಿದೆ. ಸೀರೆಯ ಎರಡು ಅಂಚುಗಳೂ ಒಂದು ಇನ್ನೊಂದರ ಪ್ರತಿಬಿಂಬದಂತೆ ಇರುತ್ತವೆ. ಗೋಪುರದ ಅಂಚಾದರೆ ಎರಡೂ ಕಡೆಯ ಮೊನೆಗಳು ಒಡಲಿನತ್ತ ಮುಖ ಮಾಡಿರುತ್ತವೆ. ಬಟ್ಟೆ ಉಳಿಸುವ ಆಸೆಯಿಂದ ಒಂದು ಕಾಲನ್ನು ಈ ಅಂಚಿನಿಂದಲೂ ಇನ್ನೊಂದನ್ನು ಆ ಅಂಚಿನಿಂದಲೂ ಕತ್ತರಿಸಿಬಿಟ್ಟರೆ, ಒಡಲಿನ ಬುಟ್ಟಾಗಳು ಒಂದು ಕಾಲಿನಲ್ಲಿ ನೇರವಾಗಿಯೂ ಇನ್ನೊಂದರಲ್ಲಿ ತಲೆಕೆಳಗಾಗಿಯೂ ಬರಬಹುದು. ಬಾಡಿಗೆಯ ಉಡುಪುಗಳಲ್ಲಿ ಕಾಲ ಮೇಲೆ ತಲೆಕೆಳಗಾಗಿ ನಿಂತ ನವಿಲುಗಳನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಅಕ್ಕ ಸೀರೆಯನ್ನು ಪೂರ್ತಿ ಬಿಚ್ಚಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕೆಲವೊಮ್ಮೆ ಒಂದು ದಿನ ಹಾಗೆಯೇ ಬಿಟ್ಟು, ಮರುದಿನ ಗುರುತುಗಳನ್ನು ಬದಲಿಸಿ, ಅನಂತರವೇ ಕತ್ತರಿ ಎತ್ತಿಕೊಳ್ಳುತ್ತಾರೆ. ಅಂಚು ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು, ಹಿಂಬದಿಯ ತುಂಡಿನಲ್ಲಿ ಎಷ್ಟು ಕಾಣಬೇಕು, ಇವೆಲ್ಲಕ್ಕೂ ಅವರ ಬಳಿ ಯಾವ ಅಚ್ಚೂ ಇಲ್ಲ. ಪ್ರತಿ ಸೀರೆಗೂ ಹೊಸ ಲೆಕ್ಕ.

ಬೀಸಣಿಗೆಯನ್ನು ಅವರು ಮಾಡುವುದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಸೆರಗನ್ನು ಮೇಜಿನ ಮೇಲೆ ಮಲಗಿಸಿ, ಎರಡು ಬೆರಳಿನಷ್ಟು ಅಗಲದ ರಟ್ಟಿನ ಪಟ್ಟಿಯೊಂದನ್ನು ಇಟ್ಟು, ಅದರ ಸುತ್ತ ಬಟ್ಟೆಯನ್ನು ಮಡಿಸಿ, ಉಗುರಿನಿಂದ ಗೀರಿ, ರಟ್ಟನ್ನು ಎಳೆದು ತೆಗೆದು, ಮುಂದಿನ ನೆರಿಗೆಗೆ ಇಡುತ್ತಾರೆ. ಹತ್ತಾರು ನೆರಿಗೆಗಳು ಹೀಗೆ ಸಾಲಾದ ಮೇಲೆ ಬಿಳಿಯ ದಾರದಲ್ಲಿ ಅಡ್ಡಲಾಗಿ ಮೂರು ಸಾಲು ಕಚ್ಚಾ ಹೊಲಿಗೆ ಬೀಳುತ್ತದೆ. ಜರಿಗೆ ಇಸ್ತ್ರಿಪೆಟ್ಟಿಗೆ ನೇರವಾಗಿ ತಾಗದಂತೆ ತೆಳುವಾದ ಬಟ್ಟೆ ಹಾಸಿ ಇಸ್ತ್ರಿ ಮಾಡಿ, ಇಡೀ ತುಂಡನ್ನು ಭಾರದ ಹಲಗೆಯ ಕೆಳಗೆ ರಾತ್ರಿಯಿಡೀ ಇಡುತ್ತಾರೆ. ಮರುದಿನ ಅದನ್ನು ಬೋರಲು ಹಾಕಿ, ಹಿಂಬದಿಯಲ್ಲಿ ನೆರಿಗೆಯಿಂದ ನೆರಿಗೆಗೆ ಸಡಿಲವಾದ ದಾರದ ಕೊಂಡಿಗಳನ್ನು ಕೈಯಲ್ಲಿಯೇ ಹಾಕುವುದು ಆ ಕೆಲಸದ ಪ್ರಾಣ. ಆ ಕೊಂಡಿಗಳ ಉದ್ದ ಒಂದೇ ಸಮನಾಗಿದ್ದರೆ, ಮಂಡಿಗಳು ತೆರೆದಾಗ ಎಲ್ಲ ನೆರಿಗೆಗಳೂ ಸಮವಾಗಿ ಅರಳಿ, ಮುಚ್ಚಿದಾಗ ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ಒಂದು ಕೊಂಡಿ ಬಿಗಿಯಾದರೂ ಬೀಸಣಿಗೆ ಓರೆಯಾಗಿ ನಿಲ್ಲುತ್ತದೆ. ಈ ಹಿಂದೆ ನಗರದ ದೊಡ್ಡ ಅಂಗಡಿಯೊಂದರಿಂದ ತಂದಿದ್ದ ಸಿದ್ಧ ಉಡುಪಿನಲ್ಲಿ ನೆರಿಗೆಗಳನ್ನು ಬಕ್ರಂ ಪಟ್ಟಿಗೆ ಯಂತ್ರದಿಂದ ಒತ್ತಿ ಹೊಲಿದಿದ್ದರು. ಪೂರ್ಣಮಂಡಿಗೆ ಇಳಿದ ಕೂಡಲೇ ಹೊಲಿಗೆ ಚರ್ರೆಂದು ಬಿಚ್ಚಿಕೊಂಡ ಸದ್ದು ಮೃದಂಗದ ನಡುವೆಯೂ ಕೇಳಿಸಿತ್ತು.

ವಿನ್ಯಾಸದ ವಿಷಯದಲ್ಲಿ ಅಕ್ಕನಿಗೂ ನಮಗೂ ಒಂದು ವಾದ ನಡೆಯಿತು. ಮಗಳು ಆಯ್ದುಕೊಂಡಿದ್ದ ವರ್ಣ ಕೃಷ್ಣನ ಕುರಿತಾದದ್ದು. ಆದ್ದರಿಂದ ಹಿಂಬದಿಯ ತುಂಡಿನ ಮೇಲೆ ನವಿಲುಗರಿಯ ಕಸೂತಿ ಮಾಡಿಸಬೇಕೆಂದು ನಮ್ಮ ಮನೆಯವರ ಆಸೆ. ಅಕ್ಕ ಒಪ್ಪಲಿಲ್ಲ. ಏಕವ್ಯಕ್ತಿ ನೃತ್ಯದಲ್ಲಿ ಒಬ್ಬಳೇ ನಾಯಿಕೆಯಾಗುತ್ತಾಳೆ, ಸಖಿಯಾಗುತ್ತಾಳೆ, ಮರುಕ್ಷಣ ಕೃಷ್ಣನೂ ಆಗುತ್ತಾಳೆ. ಉಡುಪು ಯಾವುದೋ ಒಂದು ಪಾತ್ರದ ಗುರುತನ್ನು ಹೊತ್ತುಕೊಂಡರೆ ಉಳಿದ ಪಾತ್ರಗಳಿಗೆ ಅದು ಅಡ್ಡ ಬರುತ್ತದೆ ಎಂದರು. ಶಾಸ್ತ್ರದಲ್ಲಿ ಏಕಾಹಾರ್ಯ ಎನ್ನುವ ಈ ಕಲ್ಪನೆಯನ್ನು ಅವರು ಓದಿ ತಿಳಿದವರಲ್ಲ, ಪಕ್ಕದ ಪರದೆಯ ಹಿಂದೆ ನಿಂತು ವರ್ಷಗಟ್ಟಲೆ ನೃತ್ಯ ನೋಡಿ ತಿಳಿದವರು. ಗುರುಗಳೂ ಅದನ್ನೇ ಹೇಳಿದ್ದರಿಂದ ನವಿಲುಗರಿಯ ಪ್ರಸ್ತಾಪ ಅಲ್ಲಿಗೇ ಮುಗಿಯಿತು. ಅದೇ ಅಕ್ಕ ನೃತ್ಯನಾಟಕಗಳಿಗೆ ಹೊಲಿಯುವಾಗ ಬೇರೆಯೇ ಆಗುತ್ತಾರೆ. ಮಕ್ಕಳ ತಂಡವೊಂದರ ಜಟಾಯುವಿಗಾಗಿ ಹಳೆಯ ಸೀರೆಗಳ ಕಂದು, ಬೂದು, ಇಟ್ಟಿಗೆ ಬಣ್ಣದ ಅಂಚುಗಳನ್ನು ಗರಿಗಳಂತೆ ಒಂದರ ಮೇಲೊಂದು ಜೋಡಿಸಿ ಹೊಲಿದ ರೆಕ್ಕೆಯನ್ನು ಅಲ್ಲಿ ನೋಡಿದ್ದೇನೆ. ರೆಕ್ಕೆ ಕತ್ತರಿಸಿ ಬೀಳುವ ದೃಶ್ಯಕ್ಕೆಂದು ಭುಜದ ಬಳಿ ಟಿಚ್ ಬಟನ್‌ಗಳನ್ನು ಇಟ್ಟಿದ್ದರು. ಒಂದೇ ಎಳೆತಕ್ಕೆ ರೆಕ್ಕೆ ಕಳಚಿಕೊಳ್ಳಬೇಕು, ಕುಣಿಯುವಾಗ ಮಾತ್ರ ಅಲುಗಬಾರದು, ಹಾಗೆ.

ಬಣ್ಣದ ವಿಷಯದಲ್ಲಿ ಮಾತ್ರ ಅವರ ಹಟ ಸ್ವಲ್ಪ ಹೆಚ್ಚೇ. ಗಿಳಿಹಸಿರು, ಅರಿಶಿನ, ಕುಂಕುಮಗೆಂಪು, ಗಾಯಕಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರಿನ ಎಂ.ಎಸ್. ನೀಲಿ, ಇವುಗಳನ್ನು ಬಿಟ್ಟು ಆಚೆ ಹೋಗಲು ಅವರಿಗೆ ಮನಸ್ಸಿಲ್ಲ. ತೆಳುವಾದ ನೇರಳೆ ಬಣ್ಣವನ್ನು ಸೂಚಿಸಿದಾಗ, ಇಂದಿನ ಎಲ್‌ಇಡಿ ದೀಪದ ನೀಲಿ ಬೆಳಕಿನಲ್ಲಿ ಅದು ಬೂದಿಯಂತೆ ಕಾಣುತ್ತದೆ ಎಂದು ತಳ್ಳಿಹಾಕಿದರು. ಅವರ ಮಾತಿನಲ್ಲಿ ಹುರುಳಿದೆ. ನೀಲಿ ಬೆಳಕಿನಲ್ಲಿ ಮೆರೂನ್ ಬಣ್ಣ ಮಂಕಾಗುವುದನ್ನು ಯಾರು ಬೇಕಾದರೂ ನೋಡಬಹುದು. ಆದರೂ ದೀಪದವರೊಡನೆ ಮಾತಾಡಿದರೆ ಬಗೆಹರಿಯಬಹುದಾದ ತೊಡಕಿಗಾಗಿ ತಿಳಿಬಣ್ಣಗಳನ್ನೆಲ್ಲ ಬಹಿಷ್ಕರಿಸುವುದು ನನಗೆ ಸರಿ ಎನ್ನಿಸುವುದಿಲ್ಲ. ಹೊಸ ಬಣ್ಣಗಳನ್ನು ಬಯಸುವವರು ಇಲ್ಲಿಗೆ ಹೋಗುವ ಮುನ್ನ ವಾದಕ್ಕೆ ಸಿದ್ಧರಾಗಿರಬೇಕು.

ಉಡುಪು ಬದಲಿಸುವ ಗಡಿಬಿಡಿಯನ್ನು ಬಲ್ಲವರು ಅವರ ಇನ್ನೊಂದು ಏರ್ಪಾಡನ್ನು ಮೆಚ್ಚುತ್ತಾರೆ. ವರ್ಣ ಮುಗಿದ ಮೇಲೆ ಹಿಮ್ಮೇಳದವರು ಒಂದು ಕೃತಿಯನ್ನು ನುಡಿಸಿ ಮುಗಿಸುವುದರೊಳಗೆ ಹುಡುಗಿ ಹೊಸ ಉಡುಪಿನಲ್ಲಿ ಸಿದ್ಧಳಾಗಬೇಕು, ಆ ಹೊತ್ತಿಗೆ ಕಟ್ಟುವ ತಾಯಂದಿರ ಕೈಗಳೂ ನಡುಗುತ್ತಿರುತ್ತವೆ. ಅಕ್ಕ ಪ್ರತಿ ಲಾಡಿಯ ತುದಿಗೂ ಬಣ್ಣದ ದಾರ ಸುತ್ತಿರುತ್ತಾರೆ. ಕೆಂಪಿಗೆ ಕೆಂಪು, ಹಳದಿಗೆ ಹಳದಿ ಸೇರಿಸಿ ಕಟ್ಟಿದರೆ ತಪ್ಪಾಗುವ ಸಂಭವವೇ ಇಲ್ಲ. ವೆಲ್ಕ್ರೊ ಬಳಸುವುದಿಲ್ಲ, ದೊಡ್ಡ ಹುಕ್ಕುಗಳನ್ನೇ ಎರಡು ಸಾಲಿನಲ್ಲಿ ಹಾಕುತ್ತಾರೆ. ಬೆಳೆಯುವ ಮಕ್ಕಳಿಗಾಗಿ ಪಕ್ಕಗಳಲ್ಲಿಯೂ ಕಾಲಿನ ತುದಿಯಲ್ಲಿಯೂ ಎರಡೆರಡು ಇಂಚು ಬಟ್ಟೆಯನ್ನು ಒಳಗೆ ಮಡಚಿ ಬಿಟ್ಟಿರುತ್ತಾರೆ, ಮೊದಲ ವರ್ಷದಲ್ಲಿ ಬಿಚ್ಚಿ ಸಡಿಲಿಸಿಕೊಡಲು ಹಣ ತೆಗೆದುಕೊಳ್ಳುವುದಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಂದಲೂ ಅವರಿಗೆ ಕೆಲಸ ಬರುತ್ತದೆ. ಅಂಥವರಿಗೆ ವಿಡಿಯೊ ಕರೆಯಲ್ಲಿ ಹುಡುಗಿಯನ್ನು ಅರೆಮಂಡಿ ಕೂರಿಸಿ ತಾಯಿಯಿಂದ ಅಳತೆ ತೆಗೆಸಿ, ಮೊದಲು ಕೋರಾ ಬಟ್ಟೆಯಲ್ಲಿ ಕುಪ್ಪಸದ ಮಾದರಿಯನ್ನು ಕಳಿಸಿ, ಅದು ಸರಿಹೋದ ಮೇಲೆಯೇ ರೇಷ್ಮೆಗೆ ಕತ್ತರಿ ಹಾಕುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಕೊರತೆಗಳನ್ನೂ ಹೇಳಬೇಕು. ಮೊದಲನೆಯದು ಸಮಯ. ಹೇಳಿದ ದಿನಕ್ಕೆ ಉಡುಪು ಸಿಗುವುದಿಲ್ಲ. ನಮ್ಮ ಕೊನೆಯ ಉಡುಪು ಕೈಗೆ ಬಂದದ್ದು ವೇದಿಕೆಯ ತಾಲೀಮಿನ ಹಿಂದಿನ ಸಂಜೆ. ಹಗಲಿನಲ್ಲಿ ಫೋನ್ ಎತ್ತುವುದಿಲ್ಲ, ವಾಟ್ಸಾಪ್ ಸಂದೇಶಗಳಿಗೆ ರಾತ್ರಿ ಹತ್ತರ ನಂತರ ಒಂದು ಪದದ ಉತ್ತರ ಬರುತ್ತದೆ. ಬರಹದಲ್ಲಿ ಅಂದಾಜು ಪಟ್ಟಿಯನ್ನಾಗಲೀ ರಸೀದಿಯನ್ನಾಗಲೀ ಕೊಡುವ ಪದ್ಧತಿಯಿಲ್ಲ. ನಮಗೆ ಮೋಸವೇನೂ ಆಗಲಿಲ್ಲ, ಹೇಳಿದ ದರವನ್ನೇ ತೆಗೆದುಕೊಂಡರು. ಆದರೆ ಸೀರೆಯೊಂದಕ್ಕೇ ಇಪ್ಪತ್ತು ಸಾವಿರ ಸುರಿದು ಒಪ್ಪಿಸಿ ಬರುವವರಿಗೆ ಕೈಯಲ್ಲೊಂದು ಚೀಟಿಯಿದ್ದರೆ ಧೈರ್ಯ. ಬಾಡಿಗೆ ವಿಭಾಗವಂತೂ ಅವರ ಹೊಲಿಗೆಯ ಮಟ್ಟಕ್ಕೆ ಏನೇನೂ ಸಾಲದು. ಕುಪ್ಪಸಗಳ ಒಳಪದರದಲ್ಲಿ ಹಳೆಯ ಬೆವರಿನ ವಾಸನೆ, ಸಡಿಲಾದ ಹುಕ್ಕುಗಳು, ಕಲ್ಲು ಉದುರಿದ ಒಡ್ಯಾಣಗಳು. ಬಾಡಿಗೆಯನ್ನು ಅವರು ಮನಸ್ಸಿಲ್ಲದೆ ನಡೆಸುತ್ತಿದ್ದಾರೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ, ಹಾಗಿದ್ದಲ್ಲಿ ನಿಲ್ಲಿಸುವುದೇ ಲೇಸು.

ನಿಲ್ಲಿಸದಿರುವುದಕ್ಕೆ ಕಾರಣವೂ ಇದೆ. ರಂಗಪ್ರವೇಶಗಳು ವರ್ಷವಿಡೀ ನಡೆಯುವುದಿಲ್ಲ, ಅಂಗಡಿಯ ಬಾಡಿಗೆ ಮತ್ತು ಸಹಾಯಕಿಯರ ಸಂಬಳ ಮಾತ್ರ ಪ್ರತಿ ತಿಂಗಳೂ ಕೊಡಬೇಕು. ಆ ಅಂತರವನ್ನು ತುಂಬುವುದು ಶಾಲೆಗಳ ಛದ್ಮವೇಷ. ಗೋಕುಲಾಷ್ಟಮಿಗೆ ಪುಟ್ಟ ಕೃಷ್ಣರು, ನವೆಂಬರ್ 1ಕ್ಕೆ ಸಾಲುಸಾಲಾಗಿ ಕಿತ್ತೂರು ಚೆನ್ನಮ್ಮಂದಿರು ಮತ್ತು ಒನಕೆ ಓಬವ್ವಂದಿರು, ಡಿಸೆಂಬರಿನಲ್ಲಿ ವಾರ್ಷಿಕೋತ್ಸವದ ಚಿಟ್ಟೆಗಳು. ಹೀಗಿದ್ದರೂ ಓಬವ್ವನ ಕಚ್ಚೆ ಸೀರೆಯನ್ನು ಐದು ವರ್ಷದ ಮಗು ಓಡಾಡಿದರೂ ಬಿಚ್ಚದಂತೆ ಪೈಜಾಮದ ಮೇಲೆ ಹೊಲಿದಿಡುವ ಜಾಣತನವನ್ನು ಅಲ್ಲಿಯೂ ಕಾಣಬಹುದು. ಉಳಿದ ರೇಷ್ಮೆ ಚೂರುಗಳನ್ನು ಅವರು ಎಸೆಯುವುದಿಲ್ಲ. ದೊಡ್ಡವನ್ನು ಗಿರಾಕಿಗೇ ಹಿಂತಿರುಗಿಸುತ್ತಾರೆ, ಸಣ್ಣವನ್ನು ಧಾರವಾಡದ ಕಡೆಯ ಸಹಾಯಕಿಯೊಬ್ಬರು ಕೌದಿಗೆ ಕೂಡಿಸಿಡುತ್ತಾರೆ.

ದರದ ವಿಷಯ: ನಾವು ಹೊಲಿಸಿದಾಗ ಬೀಸಣಿಗೆಯ ಉಡುಪಿಗೆ 7,000 ರೂಪಾಯಿ, ಸೀರೆ ಶೈಲಿಯದಕ್ಕೆ 5,500 ರೂಪಾಯಿ ಕೂಲಿ, ಒಳಪದರದ ಬಟ್ಟೆ ಅದರಲ್ಲಿಯೇ ಸೇರಿತ್ತು, ಸೀರೆ ನಮ್ಮದು. ಸಿದ್ಧ ಉಡುಪು ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ, ಹೆಸರಾಂತ ವಿನ್ಯಾಸಕರ ಬಳಿ ಇದರ ಎರಡರಷ್ಟಾಗುತ್ತದೆ. ಕೈಕೆಲಸಕ್ಕೆ ಹಿಡಿಯುವ ಹೊತ್ತನ್ನು ಲೆಕ್ಕ ಹಾಕಿದರೆ ಅವರು ಕೇಳುವುದು ಕಡಿಮೆಯೇ. ವರ್ಷಕ್ಕೊಮ್ಮೆ ಗುಂಪಿನಲ್ಲಿ ನರ್ತಿಸುವ ಮಗುವಿಗೆ ಇಷ್ಟು ಖರ್ಚಿನ ಅಗತ್ಯವಿಲ್ಲ, ಅಂಥವರು ಆರ್ಟ್ ಸಿಲ್ಕಿನ ಸಿದ್ಧ ಉಡುಪನ್ನೇ ಕೊಂಡರೆ ಸಾಕು. ಏಕವ್ಯಕ್ತಿ ಕಾರ್ಯಕ್ರಮ ಕೊಡುವವರಿಗೆ ಮತ್ತು ಮುಂದೆಯೂ ನೃತ್ಯವನ್ನು ಮುಂದುವರಿಸುವ ಹುಡುಗಿಯರಿಗೆ ಈ ಅಂಗಡಿಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ಹೋಗುವವರು ಡಿಸೆಂಬರಿನ ಕಾರ್ಯಕ್ರಮಕ್ಕೆ ದಸರೆಗೂ ಮುಂಚೆಯೇ ಸೀರೆ ಒಪ್ಪಿಸುವುದು ಒಳ್ಳೆಯದು, ರಾಜ್ಯೋತ್ಸವದ ವಾರದಲ್ಲಿ ಹೊಸ ಕೆಲಸ ತೆಗೆದುಕೊಳ್ಳುವುದಿಲ್ಲ. ಕಾರ್ಯಕ್ರಮದ ದಿನಾಂಕವನ್ನು ನಿಜವಾದುದಕ್ಕಿಂತ ಹತ್ತು ದಿನ ಮುಂಚಿನದೆಂದು ಹೇಳಿದರೆ ಉಡುಪು ಹೆಚ್ಚುಕಡಿಮೆ ಸಮಯಕ್ಕೆ ಸಿಗುತ್ತದೆ. ಈ ಉಪಾಯ ಅಲ್ಲಿಗೆ ಬರುವ ತಾಯಂದಿರಿಗೆಲ್ಲ ಗೊತ್ತು, ಬಹುಶಃ ಅಕ್ಕನಿಗೂ ಗೊತ್ತು. ಸೀರೆಗೆ ಫಾಲ್, ಪಿಕೊ ಮಾಡಿಸಬೇಡಿ, ಕುಪ್ಪಸದ ತುಂಡನ್ನು ಸೀರೆಯಿಂದ ಬೇರ್ಪಡಿಸಬೇಡಿ. ಕತ್ತರಿಯ ಗುರುತುಗಳನ್ನು ಅವರು ಇಡೀ ಸೀರೆಯ ಮೇಲೆ ಹಾಕುತ್ತಾರೆ. ಒಡ್ಯಾಣವನ್ನು ಮೊದಲೇ ಕೊಂಡಿದ್ದರೆ ಜೊತೆಗೇ ಒಯ್ಯಿರಿ, ಅದನ್ನು ಕಟ್ಟಿಸಿಯೇ ನಡುವಿನ ಅಳತೆ ತೆಗೆಯುತ್ತಾರೆ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಗಾಡಿ ನಿಲ್ಲಿಸಲು ಬೀದಿಯ ತುದಿಯಲ್ಲೇ ಜಾಗ ಹುಡುಕಬೇಕು.